ಪೌಳಿಯ ಕೊನೆಯ ಕಲ್ಲು

ಕರಿಮರಡಿಯ ಮಠ ಎಂದರೆ ದೂರದವರು ದೊಡ್ಡ ಮಹಾದ್ವಾರವನ್ನೂ ಬೆಳ್ಳಿಯ ಪಲ್ಲಕ್ಕಿಯನ್ನೂ ಊಹಿಸಿಕೊಳ್ಳುತ್ತಾರೆ. ಪರಮಪೂಜ್ಯ ಗುರುಪಾದಜ್ಜನವರ ಕಾಲದಲ್ಲಿ ಅಲ್ಲಿದ್ದದ್ದು ಮಣ್ಣಿನ ಮಾಳಿಗೆಯ ಒಂದು ಪಡಸಾಲೆ, ಹಿರಿಯ ಗುರುಗಳ ಗದ್ದುಗೆ, ನಾಲ್ಕು ದನ ಕಟ್ಟುವ ಕೊಟ್ಟಿಗೆ ಮತ್ತು ಒಂದು ಬಾವಿ, ಇಷ್ಟೆ. ಅಜ್ಜನವರು ದಿನದ ಹೆಚ್ಚಿನ ಹೊತ್ತು ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಯಾರಾದರೂ ಬಂದು ನಮಸ್ಕರಿಸಿದರೆ ನಾರಿನ ಒಂದು ತುದಿಯನ್ನು ಅವರ ಕೈಗೆ ಕೊಟ್ಟು ಹಿಡಿದುಕೊಳ್ಳಲು ಹೇಳುತ್ತಿದ್ದರು. ನಮ್ಮ ಊರಿನಲ್ಲಿ ಗುರುದರ್ಶನವೆಂದರೆ ಅರ್ಧ ತಾಸು ಹಗ್ಗ ಹಿಡಿದು ನಿಲ್ಲುವುದಾಗಿತ್ತು. ಬಂದವರ ಗೋಳು ಅಷ್ಟರಲ್ಲಿ ತಾನಾಗಿಯೇ ಬಾಯಿಗೆ ಬರುತ್ತಿತ್ತು, ಅಜ್ಜನವರು ಎರಡು ಮಾತು ಆಡಿದರೆ ಹೆಚ್ಚು.

ಈ ಪ್ರಸಂಗವನ್ನು ನಾನು ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಆದರೆ ಮೊದಲೇ ಒಂದು ಮಾತು ಒಪ್ಪಿಸಿಬಿಡುತ್ತೇನೆ. ಇದರಲ್ಲಿ ಬರುವ ಈರಸಂಗಪ್ಪ ಪಟ್ಟಣಶೆಟ್ಟರು ನನ್ನ ಮುತ್ತಜ್ಜ, ಮತ್ತು ಅವರು ಬಹಳ ಕಾಲ ತಪ್ಪು ಕಡೆಗೇ ನಿಂತಿದ್ದವರು. ಮನೆತನದ ಮರ್ಯಾದೆಗೆ ಅಂಜಿ ಅದನ್ನು ಮುಚ್ಚಿಟ್ಟರೆ ಅಜ್ಜನವರ ಮಹಿಮೆಯನ್ನೇ ಅರ್ಧ ಮುಚ್ಚಿದಂತೆ.

ಮಠಕ್ಕೆ ಆಗ ಜಾಲಿಮುಳ್ಳಿನ ಬೇಲಿ ಇತ್ತು. ಹಂದಿ ನುಗ್ಗುತ್ತವೆ, ದನ ನುಗ್ಗುತ್ತವೆ ಎಂದು ಊರಿನ ಹಿರಿಯರು ಕೂಡಿ ಸುತ್ತಲೂ ಕಲ್ಲಿನ ಪೌಳಿ ಎಬ್ಬಿಸಲು ನಿಶ್ಚಯಿಸಿದರು. ಹಂದಿ ದನಗಳ ಮಾತು ನಿಜವೇ. ಅದರ ಹಿಂದೆ ಇನ್ನೊಂದು ಮಾತೂ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಊರಿಗೆಲ್ಲ ಸಿಹಿನೀರು ಇದ್ದದ್ದು ಮಠದ ಬಾವಿಯಲ್ಲಿ ಮಾತ್ರ. ಕೆಳಗಿನ ಓಣಿಯವರ ಬಾವಿಯ ನೀರು ಸೌಳು, ಬೇಳೆ ಬೇಯುತ್ತಿರಲಿಲ್ಲ. ಅವರು ಕೊಡ ತಂದು ಬೇಲಿಯ ಹೊರಗೆ ಹುಣಸೆಮರದ ಕೆಳಗೆ ಕಾಯಬೇಕು, ಮೇಲಿನ ಓಣಿಯವರು ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿಯಬೇಕು. ಗದ್ದುಗೆಗೆ ಕೈಮುಗಿಯುವುದೂ ಆ ಹುಣಸೆಮರದ ಕೆಳಗಿನಿಂದಲೇ. ಬೇಲಿ ಅಲ್ಲಲ್ಲಿ ಹರಿದು, ಆಸೆಯುಳ್ಳ ಕಾಲುಗಳು ಒಂದೆರಡು ಸಲ ಒಳಗೆ ಬಂದಿದ್ದವು. ಎಲ್ಲರೂ ಒಂದೇ ಎಂದು ದಿನಾ ಬಾಯಲ್ಲಿ ಹೇಳುವ ನಮ್ಮವರಿಗೆ ಬಾವಿಯ ಹತ್ತಿರ ಬಂದಾಗ ಲೆಕ್ಕ ಬೇರೆಯಾಗುತ್ತಿತ್ತು.

ಪೌಳಿಯ ಸೇವೆಯನ್ನು ಪಟ್ಟಣಶೆಟ್ಟರ ಮನೆತನ ವಹಿಸಿಕೊಂಡಿತು. ಕಟ್ಟುವ ಕೆಲಸ ಹುಲಗಪ್ಪನದು. ಹುಲಗಪ್ಪ ಕೆಳಗಿನ ಓಣಿಯ ಕಲ್ಲೊಡ್ಡರ ಮನೆಯವನು, ಸುತ್ತ ಹದಿನಾಲ್ಕು ಹಳ್ಳಿಗಳಲ್ಲಿ ಅವನ ಉಳಿಗೆ ಎದುರು ಉಳಿ ಇರಲಿಲ್ಲ. ಇಟ್ಟ ಕಲ್ಲನ್ನು ಎತ್ತಿ ಮತ್ತೆ ಕೆತ್ತಿದವನಲ್ಲ. ಅವನ ಗೋಡೆಯ ಸಂದಿನಲ್ಲಿ ಕೂದಲು ಸಹ ಹೋಗುತ್ತಿರಲಿಲ್ಲ. ಅವನಿಗೆ ಇದರ ಹಮ್ಮೂ ಇತ್ತು, ಇದ್ದರೆ ಇರಲಿ, ಇಂಥ ಕೈಗೆ ಅದು ಒಪ್ಪುತ್ತದೆ.

ನಮ್ಮ ಸೀಮೆಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಗುಡಿಯಾಗಲಿ ಮಠವಾಗಲಿ, ಕಟ್ಟಡದ ಕೆಲಸ ನಡೆದಿರುವಷ್ಟು ದಿನ ಕೆಲಸಗಾರರಿಗೆ ಮೈಲಿಗೆಯಿಲ್ಲ. ಅವರು ಒಳಗೆ ಬರಬಹುದು, ಗಚ್ಚು ಕಲಸಲು ಬಾವಿಯಲ್ಲಿ ಸೇದಬಹುದು, ಅಲ್ಲಿಯೇ ಉಣ್ಣಬಹುದು. ಮುಖ್ಯ ಕೆಲಸಗಾರನು ಕೊನೆಯ ಕಲ್ಲನ್ನು ಇಟ್ಟಮೇಲೆ ಅವನಿಗೆ ರುಮಾಲು ಸುತ್ತಿ ಬೆಳ್ಳಿಯ ಕಡಗ ತೊಡಿಸುತ್ತಾರೆ. ಅವನು ಉಳಿ ಸುತ್ತಿಗೆ ತೊಳೆದುಕೊಂಡು ಹೊರಗೆ ನಡೆದ ಮೇಲೆ ಶುದ್ಧಿ ಮಾಡುತ್ತಾರೆ. ಅಂದಿನಿಂದ ಕಟ್ಟಿದವನೇ ಒಳಗೆ ಕಾಲಿಡುವಂತಿಲ್ಲ. ಇನ್ನೊಂದು ರೂಢಿ ಕಲ್ಲುಕೆಲಸದವರದೇ. ಒಬ್ಬನು ಕೈಹಾಕಿದ ಗೋಡೆಗೆ ಅವನು ಬದುಕಿರುವತನಕ ಇನ್ನೊಬ್ಬನು ಕೈಹಾಕುವುದಿಲ್ಲ.

ಎರಡು ವರ್ಷ ಕೆಲಸ ನಡೆಯಿತು. ಕೆಳಗಿನ ಓಣಿಯ ಹೆಂಗಸರು ಗಚ್ಚಿಗೆಂದು ನೀರು ಸೇದುತ್ತ, ಸಂಜೆ ಒಂದೊಂದು ಕೊಡ ಮನೆಗೂ ಒಯ್ದರು. ಅವರ ಮನೆಗಳಲ್ಲಿ ಬೇಳೆ ಬೇಯತೊಡಗಿತು. ಹುಲಗಪ್ಪನ ತಾಯಿ ತಿಪ್ಪವ್ವನಿಗೆ ಆಗಲೇ ಎಪ್ಪತ್ತು ದಾಟಿ ಕಣ್ಣು ಮಸುಕಾಗಿತ್ತು. ಆಕೆಯೂ ದಿನಾ ಬುಟ್ಟಿ ಹೊತ್ತು ಬರುತ್ತಿದ್ದಳು. ಬುಟ್ಟಿಯಲ್ಲಿ ಗೋಡೆಯ ಒಡಲಿಗೆ ತುಂಬುವ ಕಲ್ಲಿನ ಚಕ್ಕೆ ಒಂದೇ ಒಂದು ಇರುತ್ತಿತ್ತು. ಅದನ್ನು ಗೋಡೆಯ ಬುಡದಲ್ಲಿ ಇಳಿಸಿ, ತಾನೂ ಕೆಲಸಗಾರಳಾದೆ ಎಂಬ ಧೈರ್ಯದಲ್ಲಿ ನೆಟ್ಟಗೆ ಹೋಗಿ ಗದ್ದುಗೆಯ ಮುಂದೆ ಕುಳಿತುಬಿಡುತ್ತಿದ್ದಳು. ಎಪ್ಪತ್ತು ವರ್ಷ ಹುಣಸೆಮರದ ಕೆಳಗಿನಿಂದ ಕೈಮುಗಿದವಳು. ಅಜ್ಜನವರು ಅದನ್ನು ನೋಡುತ್ತಿದ್ದರು. ಒಮ್ಮೊಮ್ಮೆ ಹಗ್ಗದ ತುದಿಯನ್ನು ಆಕೆಯ ಕೈಗೂ ಕೊಡುತ್ತಿದ್ದರು.

ಪೌಳಿ ಎರಡಾಳೆತ್ತರಕ್ಕೆ ಎದ್ದಿತು. ಅಗಸಿಬಾಗಿಲ ಬಲಕ್ಕೆ, ಮೇಲಿನ ಸಾಲಿನಲ್ಲಿ ಒಂದು ಕಲ್ಲಿನ ಜಾಗ ಉಳಿಯಿತು. ಹುಲಗಪ್ಪ ಅದಕ್ಕೆ ಮೊಳದುದ್ದದ ಕಲ್ಲು ಕೆತ್ತಿ ಸಿದ್ಧಮಾಡಿದ. ಮುಹೂರ್ತದ ದಿನ ಶೆಟ್ಟರು ರುಮಾಲು ಕಡಗಗಳ ತಟ್ಟೆ ಹಿಡಿದು ಬಂದರು. ಅಜ್ಜನವರು ಕೊಟ್ಟಿಗೆಯಿಂದ ಎದ್ದು ಬಂದು ಕಲ್ಲನ್ನು ಒಮ್ಮೆ ಸವರಿ, "ಇವತ್ತ ಬ್ಯಾಡ. ಇನ್ನೂ ಕೆಲಸ ಐತಿ" ಎಂದರು, ಮತ್ತೆ ಹಗ್ಗಕ್ಕೆ ಹೋದರು.

ಗುರುಗಳ ಮಾತಿಗೆ ಎದುರಾಡುವವರು ಯಾರು? ತಟ್ಟೆ ಮನೆಗೆ ಹಿಂದಿರುಗಿತು. ಬಾವಿಯ ಸುತ್ತ ಹಾಸುಗಲ್ಲು ಹಾಕು ಎಂದರು ಅಜ್ಜನವರು, ಹುಲಗಪ್ಪ ಹಾಕಿದ. ದನಗಳಿಗೆ ನೀರಿನ ಬಾನಿ ಕೆತ್ತು ಎಂದರು, ಕೆತ್ತಿದ. ಹೀಗೆ ಒಂದು ವರ್ಷ ಕಳೆಯಿತು, ಆ ಕಲ್ಲಿಗೆ ಮಾತ್ರ ಅಪ್ಪಣೆಯಾಗಲಿಲ್ಲ. ನೆರೆಯ ಹೊಸಹಟ್ಟಿಯಲ್ಲಿ ಭರಮಣ್ಣ ಎಂಬ ಕಲ್ಲುಕೆಲಸದವನಿದ್ದ, ಹುಲಗಪ್ಪನ ಹೆಸರು ಕೇಳಿದರೆ ಅವನಿಗೆ ಆಗುತ್ತಿರಲಿಲ್ಲ. ಅವನು ಸಂತೆಯಲ್ಲಿ, "ಕರಿಮರಡಿ ಪೌಳಿಗೆ ಹಲ್ಲು ಬಿದ್ದೈತಿ" ಎಂದು ನಗಾಡಿದ. ಆ ಮಾತು ಹಳ್ಳಿ ಹಳ್ಳಿ ತಿರುಗಿ ಹುಲಗಪ್ಪನ ಕಿವಿಗೂ ಬಿತ್ತು.

ಅಂದು ಮಧ್ಯಾಹ್ನ ಅವನು ಕುದಿಯುತ್ತ ಕೊಟ್ಟಿಗೆಯ ಮುಂದೆ ಬಂದು ನಿಂತ. ಅಜ್ಜನವರು ಎಂದಿನಂತೆ ನಾರಿನ ತುದಿ ಚಾಚಿದರು. ಅವನು ಹಿಡಿಯಲಿಲ್ಲ.

"ಅಜ್ಜಾರ, ನನ್ನ ಕೆಲಸದಾಗ ಕೊರತಿ ಏನೈತಿ ತೋರಸ್ರಿ. ಬಡದು ತೋರಸ್ರಿ, ಬೇಕಾದ್ರ ಪೂರಾ ಗ್ವಾಡಿ ಕೆಡವಿ ಕಟ್ಟತೀನಿ. ಈ ಅಪಮಾನ ತಡಕೊಳ್ಳೂದು ನನ್ನ ಕಡೆ ಆಗಂಗಿಲ್ಲ. ದೊಡ್ಡವರಿಗೆ ಬಡವನ ಕೈಯಾಗಿಂದು ಕಡಗ ಕಸಗೊಳ್ಳೂದು ಒಂದು ಆಟ ಇರಬೇಕು."

ಗುರುಗಳಿಗೆ ಹೀಗೆ ಮಾತಾಡಿದ್ದನ್ನು ಕೇಳಿ ಸುತ್ತ ಇದ್ದವರ ಮುಖ ಇಳಿಯಿತು. ಅಜ್ಜನವರು ಎದ್ದು, ಅವನ ಹೆಗಲಿನಿಂದ ತೂಗುಗುಂಡಿನ ದಾರವನ್ನು ತೆಗೆದುಕೊಂಡು ಗೋಡೆಗೆ ಹಿಡಿದು ನೋಡಿದರು. ದಾರವನ್ನು ಅವನಿಗೇ ಮರಳಿಸಿದರು.

"ಗ್ವಾಡಿ ನೆಟ್ಟಗೈತಿ. ನಿಮ್ಮವ್ವ ಎಲ್ಲಿ ಕುಂತಾಳ ನೋಡು."

ಹುಲಗಪ್ಪ ತಿರುಗಿ ನೋಡಿದ. ತಿಪ್ಪವ್ವ ಖಾಲಿ ಬುಟ್ಟಿಯನ್ನು ಮಗ್ಗುಲಲ್ಲಿಟ್ಟುಕೊಂಡು ಗದ್ದುಗೆಯ ಮುಂದೆ ಕುಳಿತಿದ್ದಳು.

"ಆ ಕಲ್ಲು ನೀ ಇಟ್ಟ ದಿನ ಆಕಿ ಎದ್ದು ಹೊರಗ ಹೋಗಬೇಕಾಕ್ಕತಿ" ಎಂದರು ಅಜ್ಜನವರು.

ಅಷ್ಟೇ ಮಾತು. ಹುಲಗಪ್ಪ ಕೆಳಗೆ ಬಿದ್ದಿದ್ದ ನಾರಿನ ತುದಿಯನ್ನು ಎತ್ತಿ ಹಿಡಿದುಕೊಂಡ. ಆದರೆ ಒಳಗಿನ ಕುದಿ ಪೂರ್ತಿ ಆರಿತ್ತು ಎಂದು ನಾನು ಹೇಳಲಾರೆ. ಹೆಸರಿನ ಆಸೆ ಒಂದೇ ದಿನಕ್ಕೆ ಬಿಟ್ಟುಹೋಗುವಂಥದ್ದಲ್ಲ, ಅವನಂಥ ಕಸಬುದಾರನಿಗಂತೂ ಅಲ್ಲ.

ಮರುವರ್ಷ ಅಜ್ಜನವರು ಒಂದು ತಿಂಗಳ ಮಟ್ಟಿಗೆ ಹೊಳೆಯಾಚೆಯ ಮಠಕ್ಕೆ ಪಾದಯಾತ್ರೆ ಹೊರಟರು. ಶೆಟ್ಟರು ಕಾದಿದ್ದದ್ದು ಇದಕ್ಕೇ. ಶೆಟ್ಟರ ಮನೆಯಲ್ಲಿ ಗದ್ದಲ ಎದ್ದಿತ್ತು. ಬಾವಿಕಟ್ಟೆಯಲ್ಲಿ ಕೆಳಗಿನ ಓಣಿಯ ಕೊಡಕ್ಕೆ ನಮ್ಮ ಕೊಡ ತಾಗುತ್ತದೆ, ಇನ್ನೆಷ್ಟು ದಿನ ಈ ಕೆಲಸದ ನೆಪ, ಎಂದು ಹೆಂಗಸರು ಬೇಸತ್ತಿದ್ದರು. ಶೆಟ್ಟರು ಹಿರಿಯರನ್ನು ಕೂಡಿಸಿ ಮುಹೂರ್ತ ನೋಡಿಸಿದರು, ಶುದ್ಧಿಗೆ ಬೇಕಾದದ್ದನ್ನೆಲ್ಲ ತರಿಸಿದರು, ಹುಲಗಪ್ಪನಿಗೆ ಕರೆ ಕಳಿಸಿದರು. ಅಜ್ಜನವರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಮುಗಿದದ್ದನ್ನು ಅವರು ಕೆಡವಿಸುವವರಲ್ಲ, ಎಂಬುದು ಅವರ ಲೆಕ್ಕ.

ಆ ದಿನ ಊರಿಗೆ ಊರೇ ಅಗಸಿಯ ಮುಂದೆ ಸೇರಿತ್ತು. ಸುತ್ತಲಿನ ಹಳ್ಳಿಗಳ ಕಲ್ಲುಕೆಲಸದವರೆಲ್ಲ ಬಂದಿದ್ದರು, ಭರಮಣ್ಣನೂ ಬಂದಿದ್ದ. ಅವರೆದುರಿಗೇ ಕಡಗ ತೊಡುವುದೆಂದರೆ ಹುಲಗಪ್ಪನ ಜೀವಮಾನದ ಆಸೆ. ಅವನು ತಲೆಗೆ ಹೊಸ ವಸ್ತ್ರ ಸುತ್ತಿಕೊಂಡು ಬಂದ, ಕಲ್ಲನ್ನು ಹೆಗಲಮೇಲೆ ಹೊತ್ತು ಏಣಿ ಹತ್ತಿದ. ಕೊನೆಯ ಕಲ್ಲಿಗೆ ವಿಭೂತಿ ಹಚ್ಚುವುದು ಸೇವೆ ಮಾಡಿದವರ ಹಕ್ಕು, ಆದ್ದರಿಂದ ಶೆಟ್ಟರು ಇನ್ನೊಂದು ಏಣಿ ಹತ್ತಿ ಅವನ ಮಗ್ಗುಲಿಗೇ ನಿಂತರು. ಗೋಡೆಯ ನೆತ್ತಿಯಲ್ಲಿ ನಡೆದದ್ದು ಈ ಇಬ್ಬರಿಗೆ ಮಾತ್ರ ಕಾಣುತ್ತಿತ್ತು.

ಗಚ್ಚು ಹಾಕುವ ಮೊದಲು ಕಲ್ಲನ್ನು ಒಣದಾಗಿ ಇಟ್ಟು ಹದ ನೋಡುತ್ತಾರೆ. ಹುಲಗಪ್ಪ ಇಟ್ಟ. ಕಲ್ಲು ಸರಕ್ಕನೆ ಇಳಿದು ಕುಳಿತಿತು. ಎಡಕ್ಕೂ ಬಲಕ್ಕೂ ಸಂದೇ ಇಲ್ಲ. ಇಂಥದೊಂದು ಕೂಟವನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ ಎಂದು ಮುತ್ತಜ್ಜ ಮುಂದೆ ಹೇಳುತ್ತಿದ್ದರಂತೆ. ಅವರು ವಿಭೂತಿಗೆ ಕೈ ಹಾಕಿದರು.

ಹುಲಗಪ್ಪ ತಲೆಯೆತ್ತಿದ. ಗೋಡೆಯ ಮೇಲೆ ನಿಂತವನಿಗೆ ಎರಡೂ ಕಡೆ ಕಾಣುತ್ತದೆ. ಹೊರಗೆ ಹುಣಸೆಮರದ ಕೆಳಗೆ, ಕಾದು ಕಾದು ನುಣ್ಣಗಾದ ನೆಲ. ಒಳಗೆ ಗದ್ದುಗೆಯ ಮುಂದೆ ಅವನ ತಾಯಿ. ಅಂದು ಶುದ್ಧಿಯೆಂದು ಆಕೆಗೆ ಯಾರೂ ತಿಳಿಸಿರಲಿಲ್ಲ, ಎಂದಿನಂತೆ ಒಂದು ಚಕ್ಕೆ ತಂದು ಇಳಿಸಿ ಕುಳಿತಿದ್ದಳು.

ಅವನು ಎರಡೂ ಕೈಗಳ ಬೆರಳನ್ನು ಕಲ್ಲಿನ ಅಂಚಿಗೆ ಕೊಟ್ಟು ಎಳೆದ. ಕಲ್ಲು ಮಿಸುಕಲಿಲ್ಲ. ಹಲ್ಲು ಕಚ್ಚಿ ಮತ್ತೆ ಎಳೆದ. ಬೆರಳ ತುದಿಗಳು ಕಿತ್ತು ರಕ್ತ ಬಂದಿತು, ಕಲ್ಲು ಮೇಲೆದ್ದಿತು. ಅದನ್ನು ಎದೆಗೆ ಅವಚಿಕೊಂಡು ಜನರ ಕಡೆಗೆ ತಿರುಗಿದ.

"ಕಲ್ಲು ಕೂಡಂಗಿಲ್ಲರೀ. ಅಳತಿ ತಪ್ಪೀನಿ."

ಕೆಳಗೆ ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ನಕ್ಕವನು ಭರಮಣ್ಣ. "ಕೇಳಿದ್ರೇನ್ರೆಪ್ಪಾ, ಹುಲಗಪ್ಪಂದು ಅಳತಿ ತಪ್ಪಿತಂತ" ಎಂದು ಕೂಗಿದ. ಉಳಿದ ಕಲ್ಲುಕೆಲಸದವರೂ ನಕ್ಕರು. ಹಿರಿಯರೊಬ್ಬರು ಸಿಟ್ಟಿನಿಂದ, "ಹಂಗಾದ್ರ ಬ್ಯಾರೆ ಕಲ್ಲು ಕೆತ್ತು. ಎಷ್ಟು ದಿನ ಬೇಕು?" ಎಂದು ಕೇಳಿದರು.

"ಸರಿಯಾದ ಕಲ್ಲು ಸಿಗಬೇಕಲ್ರಿ. ಹೇಳಾಕ ಬರಂಗಿಲ್ಲ" ಎಂದ ಹುಲಗಪ್ಪ.

ಆಗ ಎಲ್ಲರ ಕಣ್ಣುಗಳೂ ಶೆಟ್ಟರ ಮೇಲೆ ಬಿದ್ದವು. ಶೆಟ್ಟರು ಏಣಿಯ ಮೇಲೆ ವಿಭೂತಿಯ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಅವರು ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಕಲ್ಲು ಕೂತಿತ್ತು, ನಾನು ನೋಡಿದೆ, ಎಂದಿದ್ದರೆ ಅದು ನಿಜವೂ ಆಗುತ್ತಿತ್ತು. ಹುಲಗಪ್ಪನೂ ಅವರನ್ನೇ ನೋಡುತ್ತಿದ್ದ, ಬೇಡಿಕೊಳ್ಳಲಿಲ್ಲ. ಶೆಟ್ಟರ ಕಣ್ಣು ಅವನ ಬೆರಳುಗಳ ಮೇಲೆ ನಿಂತಿತು. ಹದಿನಾಲ್ಕು ಹಳ್ಳಿಗಳಲ್ಲಿ ಹೆಸರಾದ ಕೈಗಳು ಅವು. ಈ ಮನುಷ್ಯ ಇಡೀ ಬಾಳಿನ ಗಳಿಕೆಯನ್ನು ಎಲ್ಲರೆದುರು ಹರಿದು ಎಸೆದದ್ದು ಯಾತಕ್ಕೆಂದು ಅವರಿಗೆ ಆ ಎತ್ತರದಲ್ಲಿ ಕಾಣಿಸಿತು. ಅವರಿಗೂ ಎರಡೂ ಕಡೆ ಕಾಣುತ್ತಿತ್ತಲ್ಲ.

"ಹೌದು" ಎಂದರು ಶೆಟ್ಟರು. "ನಾ ಕಣ್ಣಾರೆ ನೋಡೀನಿ. ಕಲ್ಲು ಕೂಡಲಿಲ್ಲ."

ನಮ್ಮ ಮನೆತನದಲ್ಲಿ ಸುಳ್ಳು ಹೇಳಿದವರನ್ನು ಯಾರೂ ಹೊಗಳುವುದಿಲ್ಲ. ಈ ಒಂದು ಸುಳ್ಳಿಗೆ ಮಾತ್ರ ಇವತ್ತಿಗೂ ತಲೆಯೆತ್ತಿ ನಡೆಯುತ್ತೇವೆ.

ತಿಂಗಳು ತುಂಬಿ ಅಜ್ಜನವರು ಹಿಂದಿರುಗಿದರು. ಮೊದಲು ಹುಲಗಪ್ಪನನ್ನು ಕರೆಸಿ, ಅವನ ಎರಡೂ ಕೈಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಇನ್ನೂ ಹಸಿಯಾಗಿದ್ದ ಬೆರಳುಗಳಿಗೆ ಬೆಣ್ಣೆ ಸವರಿದರು. ಸಂಜೆ ಶೆಟ್ಟರು ಬಂದರು. ಅಜ್ಜನವರು ನಾರಿನ ತುದಿಯನ್ನು ಅವರಿಗೆ ಕೊಟ್ಟರು.

"ಕೂಡಲಿಲ್ಲಂತಲ್ಲ, ಶೆಟ್ರ?"

ಶೆಟ್ಟರು ತುದಿಯನ್ನು ಗಟ್ಟಿಯಾಗಿ ಹಿಡಿದರು. "ಕೂತಿತ್ತರೀ ಅಜ್ಜಾರ. ಕೂದಲು ಹೋಗದಂಗ ಕೂತಿತ್ತು. ಆಂವ ರಕ್ತ ಸುರಿಸಿ ಕಿತ್ತ. ನಾನೂ ಊರ ಮುಂದ ಸುಳ್ಳ ಹೇಳೀನಿ. ಪ್ರಾಯಶ್ಚಿತ್ತ ಕೊಡ್ರಿ."

ಅಜ್ಜನವರು ಹಗ್ಗದ ಹುರಿಯನ್ನು ಇನ್ನಷ್ಟು ಬಿಗಿಮಾಡಿದರು.

"ಹುಲಗಪ್ಪ ಇರೂತನಕ ಈ ಮಾತು ನಿಮ್ಮ ಹೊಟ್ಟ್ಯಾಗ ಇರಲಿ. ಆಂವ ಹ್ವಾದ ದಿನ ಊರ ಮುಂದ ಹೇಳ್ರಿ. ಅವತ್ತ ತಡಾ ಮಾಡಬ್ಯಾಡ್ರಿ."

ಹೊಸೆದು ಮುಗಿದ ಆ ಹಗ್ಗವನ್ನು ಬಾವಿಯ ಗಾಲಿಗೆ ಹಾಕಿದವರು ಶೆಟ್ಟರೇ. ಹಾಕಿದ ಮೇಲೆ ಒಂದು ಕೊಡ ಸೇದಿ ತಾವೇ ಒಯ್ದು ತಿಪ್ಪವ್ವನ ಮುಂದೆ ಇಟ್ಟರು. ಆಕೆಗೆ ಕಣ್ಣು ಕಾಣದೆ, ಯಾರವ್ವ ನೀ, ಎಂದು ಕೇಳಿದಳಂತೆ. ಅಂದಿನ ದಾಸೋಹದ ಪಂಕ್ತಿಯಲ್ಲಿ ಶೆಟ್ಟರು ಆಕೆಯ ಮಗ್ಗುಲಲ್ಲಿಯೇ ಕುಳಿತು ಉಂಡರು. ಮನೆಯಲ್ಲಿ ಎಂಟು ದಿನ ಯಾರೂ ಅವರನ್ನು ಮುಖ ಕೊಟ್ಟು ಮಾತಾಡಿಸಲಿಲ್ಲವೆಂದು ಕೇಳಿದ್ದೇನೆ.

ಹುಲಗಪ್ಪ ಆಮೇಲೆ ಹತ್ತೊಂಬತ್ತು ವರ್ಷ ಬದುಕಿದ. ದೊಡ್ಡ ಕೆಲಸಗಳು ಭರಮಣ್ಣನಿಗೆ ಹೋದವು. ಅಳತಿ ತಪ್ಪಿದ ಹುಲಗಪ್ಪ ಎಂದೇ ಸಂತೆಯಲ್ಲಿ ಅವನನ್ನು ಕರೆದರು. ಅವನು ಒಮ್ಮೆಯೂ ಮರುಮಾತು ಆಡಲಿಲ್ಲ. ಪ್ರತಿ ವರ್ಷ ಮಠದಲ್ಲಿ ಒಂದು ಸಣ್ಣ ಕೆಲಸ ಹಿಡಿದ, ಮೆಟ್ಟಿಲೋ ಕಟ್ಟೆಯೋ ತೊಟ್ಟಿಯೋ. ಕೆಲಸ ನಡೆದೇ ಇತ್ತು, ಶುದ್ಧಿ ಆಗಲೇ ಇಲ್ಲ. ತಿಪ್ಪವ್ವ ಗದ್ದುಗೆಯ ಮುಂದೆ ಕುಳಿತಲ್ಲಿಯೇ ಒಂದು ಮಧ್ಯಾಹ್ನ ಕಣ್ಣು ಮುಚ್ಚಿದಳು. ಕೆಳಗಿನ ಓಣಿಯಲ್ಲಿ ಅಷ್ಟರಲ್ಲಿ ಹುಟ್ಟಿದವರು ಬಾವಿಕಟ್ಟೆಯ ಮೇಲೆಯೇ ಆಡಿ ಬೆಳೆದರು, ಪಂಕ್ತಿಯಲ್ಲಿ ಉಂಡು ದೊಡ್ಡವರಾದರು. ಹುಣಸೆಮರದ ಕೆಳಗೆ ಹುಲ್ಲು ಬೆಳೆಯಿತು. ಅಜ್ಜನವರು ಲಿಂಗೈಕ್ಯರಾದಾಗ ಅವರ ಸಮಾಧಿಯ ಕಲ್ಲು ಕಟ್ಟಿದವನೂ ಹುಲಗಪ್ಪನೇ.

ಅವನು ತೀರಿಹೋದ ದಿನ ಶೆಟ್ಟರಿಗೆ ಎಂಬತ್ತರ ಹತ್ತಿರ. ಹೆಣದ ಮೆರವಣಿಗೆ ಅಗಸಿಯ ಮುಂದೆ ಬಂದಾಗ ಅವರು ಕೋಲೂರಿ ಅಡ್ಡ ನಿಂತು, "ಇಳಸ್ರಿ" ಎಂದರು. ಇಳಿಸಿದರು. ಹೊಸಹಟ್ಟಿಯಿಂದ ಭರಮಣ್ಣನೂ ಮಣ್ಣು ಕೊಡಲು ಬಂದಿದ್ದ, ಹುಲಗಪ್ಪ ಹೋದಮೇಲೆ ಇನ್ನು ಆ ಗೋಡೆಗೆ ಯಾರಾದರೂ ಕೈಹಾಕಬಹುದಾಗಿತ್ತು. ಎಲ್ಲರ ಮುಂದೆ ಶೆಟ್ಟರು ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನು ಹೇಳಿದರು.

ಭರಮಣ್ಣ ನಂಬಲಿಲ್ಲ. "ಸತ್ತವನ ಮ್ಯಾಲಿನ ಕನಿಕರಕ್ಕ ಹೇಳಾಕತ್ತೀರಿ, ಸಾವಕಾರ್ರ" ಎಂದ.

ಕಲ್ಲು ಅಲ್ಲಿಯೇ ಅಗಸಿಯ ಮಗ್ಗುಲಲ್ಲಿ ಬಿದ್ದಿತ್ತು, ನೀರಿನ ಹೆಂಗಸರು ಕೊಡ ಇಳಿಸಿ ಇಳಿಸಿ ಅದರ ನೆತ್ತಿ ನುಣುಪಾಗಿತ್ತು. ಹುಲಗಪ್ಪನ ಮಗ ದ್ಯಾಮಣ್ಣ ಕಣ್ಣೊರೆಸಿಕೊಂಡು ಅದನ್ನು ಹೊತ್ತು ಏಣಿ ಹತ್ತಿದ, ಇಟ್ಟ. ಭರಮಣ್ಣ ಅವನ ಹಿಂದೆಯೇ ಹತ್ತಿ, ತಲೆಯಿಂದ ಒಂದು ನರೆಗೂದಲು ಕಿತ್ತು ಸಂದಿನಲ್ಲಿ ತೂರಿಸಲು ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಹೋಗಲಿಲ್ಲ. ಕೆಳಗಿಳಿದು ಬಂದವನು ತನ್ನ ರುಮಾಲು ಬಿಚ್ಚಿ ಹುಲಗಪ್ಪನ ಕಾಲಮೇಲೆ ಇಟ್ಟು, ಅಲ್ಲಿಯೇ ಕುಳಿತು ಅತ್ತ.

ಶೆಟ್ಟರು ಮನೆಯಿಂದ ತಂದಿದ್ದ ಬೆಳ್ಳಿಯ ಕಡಗವನ್ನು ತಾವೇ ಬಾಗಿ ಆ ತಣ್ಣನೆಯ ಕೈಗೆ ತೊಡಿಸಿದರು. ಆಮೇಲೆ ಗೋಡೆಯ ಕಡೆ ಕೋಲು ತೋರಿಸಿ, "ಈಗ ಅದನ್ನ ತೆಗೀರಿ" ಎಂದರು. ಎರಡೂ ಓಣಿಯ ನಾಲ್ಕು ಜನ ಹತ್ತಿ ಎಳೆಯಬೇಕಾಯಿತು. ಹುಲಗಪ್ಪ ಅದನ್ನು ಒಬ್ಬನೇ ಕಿತ್ತಿದ್ದ.

ಇವತ್ತಿಗೂ ಆ ಜಾಗ ಹಾಗೆಯೇ ಖಾಲಿ ಇದೆ, ಕಲ್ಲು ಅಗಸಿಯ ಮಗ್ಗುಲಲ್ಲಿದೆ. ಹೊಸದಾಗಿ ಬಂದವರು ಮೇಲೆ ನೋಡಿ, ಇಷ್ಟು ಚೆಂದದ ಪೌಳಿಗೆ ಒಂದು ಕಲ್ಲು ಯಾಕೆ ಬಿಟ್ಟಿದ್ದೀರಿ ಎಂದು ಕೇಳುತ್ತಾರೆ. ಮೇಲಿನ ಓಣಿಯವರನ್ನು ಕೇಳಲಿ, ಕೆಳಗಿನ ಓಣಿಯವರನ್ನು ಕೇಳಲಿ, ಕರಿಮರಡಿಯವರು ಕೊಡುವ ಉತ್ತರ ಒಂದೇ.

"ಇನ್ನೂ ಕೆಲಸ ನಡದೈತ್ರಿ. ಒಳಗ ಬರ್ರಿ."